ಹಲ್ಲಿನ ದವಾಖಾನೆ ಮತ್ತು ಲೆಕ್ಕದ ಪುಸ್ತಕ

(ಸವದತ್ತಿಯಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಭಾಗದಲ್ಲಿ ದಂತ ವೈದ್ಯಕೀಯ ಶಿಕ್ಷಣಕ್ಕೆ ಕೊರತೆಯಿಲ್ಲ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತ ಮಹಾವಿದ್ಯಾಲಯ 1985ರಲ್ಲಿ, ಧಾರವಾಡದಲ್ಲಿ ಎಸ್.ಡಿ.ಎಂ. ದಂತ ಮಹಾವಿದ್ಯಾಲಯ 1986ರಲ್ಲಿ ಪ್ರಾರಂಭವಾದವು. ಆದರೂ ದವಡೆ ಬಾತ ಎಷ್ಟೋ ರೋಗಿಗಳು ಸವದತ್ತಿಯಿಂದ ಧಾರವಾಡದ ಬಸ್ಸು ಹತ್ತುತ್ತಾರೆ. ಗುಡ್ಡದ ಜಾತ್ರೆಯ ಹುಣ್ಣಿಮೆ ಬಂದರಂತೂ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಓದಿದ ಮಕ್ಕಳು ಊರಿಗೆ ಮರಳಲು ಏಕೆ ಹಿಂಜರಿಯುತ್ತಾರೆ?

ನನ್ನ ಅನುಭವವನ್ನೇ ಹೇಳುತ್ತೇನೆ. ಬಿ.ಡಿ.ಎಸ್. ಮುಗಿಸಿ ಸಾಲ ಮಾಡಿ ಒಂದು ಸಣ್ಣ ಊರಿನಲ್ಲಿ ದವಾಖಾನೆ ತೆರೆದೆ. ಹಲ್ಲು ನೋಡುವುದು ನನಗೆ ಬರುತ್ತಿತ್ತು, ಲೆಕ್ಕ ನೋಡುವುದು ಬರುತ್ತಿರಲಿಲ್ಲ. ಒಂದು ದಿನ ಗಾಳಿಯ ಕಂಪ್ರೆಸರ್ ನಿಂತುಹೋಯಿತು. ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದದ್ದು ಆರನೆಯ ದಿನ. ಅಷ್ಟರಲ್ಲಿ ಬೇರಿನ ಚಿಕಿತ್ಸೆ ಅರ್ಧಕ್ಕೆ ನಿಂತಿದ್ದ ಒಬ್ಬ ತಾಯಿ ನೋವು ತಾಳಲಾರದೆ ಬೇರೆ ಕಡೆ ಹಲ್ಲು ಕೀಳಿಸಿಕೊಂಡಿದ್ದಳು. ಅದು ಉಳಿಯಬಹುದಾಗಿದ್ದ ಹಲ್ಲು. ಎರಡು ವರ್ಷದಲ್ಲಿ ನನ್ನ ದವಾಖಾನೆ ಮುಚ್ಚಿತು. ನನ್ನ ಕೈ ಸೋತಿರಲಿಲ್ಲ, ವಹಿವಾಟು ಸೋತಿತ್ತು.

ಮಿತ್ರರೇ, ದಂತವೈದ್ಯನಿಗೆ ಎರಡು ಕೆಲಸಗಳಿವೆ. ಒಂದು ರೋಗಿಯ ಬಾಯಿಯೊಳಗೆ, ಇನ್ನೊಂದು ಮೇಜಿನ ಮೇಲೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿ, 2016ರ ನಿಯಮಗಳಂತೆ ಜೈವಿಕ ತ್ಯಾಜ್ಯದ ವಿಲೇವಾರಿ, ಎಕ್ಸ್-ರೇ ಯಂತ್ರಕ್ಕೆ ಅನುಮತಿ, ಸಾಮಾನು ಖರೀದಿ, ಸಿಬ್ಬಂದಿಯ ಸಂಬಳ, ಸಾಲದ ಕಂತು, ತೆರಿಗೆ. ಮಹಾವಿದ್ಯಾಲಯದಲ್ಲಿ ನಾವು ವರ್ಷಗಟ್ಟಲೆ ಕಲಿಯುವುದು ಮೊದಲನೆಯದನ್ನು. ಎರಡನೆಯದನ್ನು ನಷ್ಟ ಅನುಭವಿಸಿ ಕಲಿಯುತ್ತೇವೆ.

ಈ ಎರಡನೆಯ ಕೆಲಸವನ್ನು ಹೊರುವುದಕ್ಕಾಗಿಯೇ ಅಮೆರಿಕದಲ್ಲಿ ದಂತ ಬೆಂಬಲ ಸಂಸ್ಥೆಗಳು ಹುಟ್ಟಿಕೊಂಡವು. ಅಲ್ಲಿನ ಅನೇಕ ರಾಜ್ಯಗಳಲ್ಲಿ ದಂತವೈದ್ಯರಲ್ಲದವರು ದವಾಖಾನೆಯ ಒಡೆಯರಾಗುವಂತಿಲ್ಲ. ಆದ್ದರಿಂದ ಚಿಕಿತ್ಸೆ ವೈದ್ಯರದು, ಆಡಳಿತ ಸಂಸ್ಥೆಯದು ಎಂಬ ಒಪ್ಪಂದ ಬೆಳೆಯಿತು. ಇಲಿನಾಯ್ ರಾಜ್ಯದ ದಂತವೈದ್ಯ ರಿಕ್ ವರ್ಕ್‌ಮನ್ 1997ರಲ್ಲಿ ಸ್ಥಾಪಿಸಿದ ಹಾರ್ಟ್‌ಲ್ಯಾಂಡ್ ಡೆಂಟಲ್ ಇಂಥ ದೊಡ್ಡ ಸಂಸ್ಥೆಗಳಲ್ಲೊಂದು. ಲೆಕ್ಕಪತ್ರ, ಸಗಟು ಖರೀದಿ, ಯಂತ್ರಗಳ ದುರಸ್ತಿ, ಸಿಬ್ಬಂದಿಯ ತರಬೇತಿ, ರೋಗಿಗಳಿಗೆ ಸಮಯ ನಿಗದಿ ಇವೆಲ್ಲವನ್ನೂ ಇಂಥ ಸಂಸ್ಥೆಗಳು ನೋಡಿಕೊಂಡು, ಅದಕ್ಕೆ ಶುಲ್ಕ ಪಡೆಯುತ್ತವೆ. ನಮ್ಮ ದೇಶದಲ್ಲಿ 2011ರಲ್ಲಿ ಆರಂಭವಾದ ಕ್ಲೋವ್ ಡೆಂಟಲ್ ಮುಂತಾದವು ತಾವೇ ದವಾಖಾನೆಗಳ ಸರಣಿ ನಡೆಸುತ್ತವೆ. ಬಹುಪಾಲು ನಗರಗಳಲ್ಲಿ ಇರುವ ಇವು ನಮ್ಮಂಥ ತಾಲೂಕು ಊರುಗಳನ್ನು ಹುಡುಕಿಕೊಂಡು ಬರಲಿ ಎಂದು ಕಾಯುತ್ತ ಕೂರುವುದು ಬೇಡ.

ವಹಿವಾಟು ಗಟ್ಟಿಯಿದ್ದರೆ ವಿದ್ಯೆ ನಿಲ್ಲುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಡಾ. ರಫಿಉದ್ದೀನ್ ಅಹ್ಮದ್ ಅಮೆರಿಕದ ಅಯೋವಾದಲ್ಲಿ 1915ರಲ್ಲಿ ದಂತವೈದ್ಯ ಪದವಿ ಪಡೆದು, 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತ ಮಹಾವಿದ್ಯಾಲಯ ಸ್ಥಾಪಿಸಿದರು. ಅದರ ಖರ್ಚಿಗೆ ನೆರವಾದದ್ದು ಅವರೇ ನಡೆಸುತ್ತಿದ್ದ ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ಐಸ್‌ಕ್ರೀಂ ಅಂಗಡಿ! ಅಂಗಡಿಯ ಲೆಕ್ಕ ಸರಿಯಿದ್ದುದರಿಂದ ತರಗತಿ ನಡೆಯಿತು. 1964ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಆದರೆ ಒಂದು ಎಚ್ಚರಿಕೆ. ಅಂಗಡಿ ತರಗತಿಯನ್ನು ಸಾಕಬೇಕೇ ಹೊರತು ಪಾಠ ಹೇಳಬಾರದು. ಸ್ಪೇನ್ ದೇಶದಲ್ಲಿ ಐಡೆಂಟಲ್ ಎಂಬ ದಂತ ಚಿಕಿತ್ಸಾಲಯಗಳ ಸರಣಿ 2018ರಲ್ಲಿ ಬಾಗಿಲು ಹಾಕಿದಾಗ, ಚಿಕಿತ್ಸೆಗೆಂದು ಸಾಲ ಮಾಡಿದ್ದ ಸಾವಿರಾರು ರೋಗಿಗಳು ಅರ್ಧ ಬಾಯಿಯೊಂದಿಗೆ ಬೀದಿಗೆ ಬಂದರು. ಆದ್ದರಿಂದ ಯಾವುದೇ ಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿರಿ. ಹಲ್ಲು ಕೀಳಬೇಕೋ ಉಳಿಸಬೇಕೋ ಎಂಬುದನ್ನು ಯಾರು ನಿರ್ಧರಿಸುತ್ತಾರೆ? ತಿಂಗಳಿಗೆ ಇಷ್ಟು ಹಣ ತರಲೇಬೇಕೆಂಬ ಗುರಿ ಇದೆಯೇ? ರೋಗಿಗಳ ದಾಖಲೆ ಯಾರ ಬಳಿ ಇರುತ್ತದೆ? ಬಿಟ್ಟು ಹೋಗಬೇಕೆಂದರೆ ದಾರಿ ಯಾವುದು? ಮೊದಲ ಪ್ರಶ್ನೆಗೆ "ವೈದ್ಯರು" ಎಂಬ ಉತ್ತರ ಬಾರದಿದ್ದರೆ ಪೆನ್ನು ಕಿಸೆಗೆ ಹಾಕಿಕೊಂಡು ಎದ್ದು ಬನ್ನಿರಿ.

ಹಾಗಾದರೆ ನಾವೇನು ಮಾಡಬಹುದು? ಸವದತ್ತಿ, ಬೈಲಹೊಂಗಲ, ರಾಮದುರ್ಗ ಮತ್ತು ಕಿತ್ತೂರಿನ ದಂತವೈದ್ಯರು ಜಾತಿ ಮತ ನೋಡದೆ ಒಂದುಗೂಡಲಿ. ಎಲ್ಲರಿಗೂ ಸೇರಿ ಒಬ್ಬ ಲೆಕ್ಕಿಗ, ಒಬ್ಬ ಯಂತ್ರ ದುರಸ್ತಿಗಾರ ಸಾಕು. ಸಾಮಾನನ್ನು ಒಟ್ಟಾಗಿ ತರಿಸಿದರೆ ಬೆಲೆ ಇಳಿಯುತ್ತದೆ. ಒಬ್ಬರ ಯಂತ್ರ ಕೆಟ್ಟರೆ ರೋಗಿಯನ್ನು ಇನ್ನೊಬ್ಬರ ಬಳಿಗೆ ಅಂದೇ ಕಳಿಸಬಹುದು. ಆಗ ಆ ತಾಯಿಯ ಹಲ್ಲು ಉಳಿಯುತ್ತದೆ. ನಮ್ಮ ಸಂಸ್ಥೆ ಮೊದಲ ಸಭೆ ಕರೆದರೆ ಸಾಕು, ಚಹಾದ ಖರ್ಚು ನನ್ನದು.

ವಿದ್ಯಾರ್ಥಿಗಳೇ, ಈ ಕೆಲಸದಲ್ಲಿ ದಂತವೈದ್ಯರಾಗುವವರಿಗೆ ಮಾತ್ರವಲ್ಲ, ನಿಮ್ಮೆಲ್ಲರಿಗೂ ಸ್ಥಾನವಿದೆ. ಬಿ.ಕಾಂ. ಓದುತ್ತಿರುವವರು ಆ ಲೆಕ್ಕಿಗರಾಗಬಹುದು, ಐ.ಟಿ.ಐ. ಮಾಡಿದವರು ಆ ಕಂಪ್ರೆಸರ್ ರಿಪೇರಿ ಮಾಡಬಹುದು. ದಂತವೈದ್ಯರಾಗುವ ಮಕ್ಕಳಿಗೆ ನನ್ನದೊಂದೇ ಮಾತು: ನಾನು ತಡವಾಗಿ ಕಲಿತ ಲೆಕ್ಕವನ್ನು ನೀವು ಮೊದಲೇ ಕಲಿತು, ನಿಮ್ಮ ಊರಿಗೇ ಬನ್ನಿರಿ.