ಕೇರಿಯ ಲೆಕ್ಕವನ್ನ ಕೇರಿಯವರೇ ಬರೆಯಬೇಕು

(ತಿಪಟೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದರೆ ತೆಂಗಿನ ಸೀಮೆ. ತಿಪಟೂರು ಮಾರ್ಕೆಟ್ಟಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ ಎಷ್ಟು ಅನ್ನೋದು ಪೇಪರಿನಲ್ಲಿ ಬರುತ್ತದೆ. ಮರ ಹತ್ತಿ ಕಾಯಿ ಕೆಡವಿದವರು ಯಾರು, ಸುಲಿದವರು ಯಾರು, ಅವರ ಹೆಸರಿನಲ್ಲಿ ಎಷ್ಟು ಮರ ಇವೆ, ಬಾಯಾರಿದಾಗ ಅವರಿಗೆ ಲೋಟ ಕೊಟ್ಟರೋ ಬೊಗಸೆಗೆ ಹುಯ್ದರೋ, ಇದು ಯಾವ ಪೇಪರಿನಲ್ಲಿ ಬಂತು? ಇದನ್ನ ಕೇಳೋದೂ ಒಂದು ವಿದ್ಯೆ. ಡಿಗ್ರಿ ಆದಮೇಲೆ ಎಂ.ಎ., ಪಿಎಚ್.ಡಿ.ಯಲ್ಲಿ ಕೂತು ಕಲಿಯಬೇಕಾದ ವಿದ್ಯೆ. ಅದರ ವಿಷಯವಾಗಿ ನಾಲ್ಕು ಮಾತು ಆಡ್ತೇವೆ.

ಇಲ್ಲೀತನಕ ನಮ್ಮ ಬಗ್ಗೆ ಬರೆದವರು ಹೆಚ್ಚಾಗಿ ಬೇರೆಯವರು. ಎಂ.ಎನ್. ಶ್ರೀನಿವಾಸ್ ದೊಡ್ಡ ಸಮಾಜಶಾಸ್ತ್ರಜ್ಞರು. 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದರು. ಆದರೆ ಇಳಿದುಕೊಂಡದ್ದು ಊರ ಯಜಮಾನರ ಆಸರೆಯಲ್ಲಿ. ತಾವು ಊರನ್ನ ಮೇಲುಜಾತಿಯವರ ಕಣ್ಣಿನಿಂದ ನೋಡಿದೆವು ಅಂತ ಅವರೇ ಒಪ್ಪಿಕೊಂಡರು. ತಪ್ಪು ಹುಡುಕೋಕೆ ಇದನ್ನ ಹೇಳ್ತಿಲ್ಲ. ಕೂತ ಜಾಗದಿಂದ ಕಾಣೋದು ಅಷ್ಟೇ. ಹಾಗಾದರೆ ಕೇರಿಯಲ್ಲಿ ಕೂತು ನೋಡುವವರು ಯಾರು?

ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ ನಿಮ್ಮ ಹಾಗೇ ಹಾಸ್ಟೆಲಿನಲ್ಲಿ ಉಂಡು ಓದಿದವರು. ಅವರು ಪಿಎಚ್.ಡಿ.ಗೆ ಹಿಡಿದ ವಿಷಯ ಗ್ರಾಮದೇವತೆಗಳು. ನಮ್ಮವರು ತಮಟೆ ಬಡಿದು ಕುಣಿಯುವ ದೇವರುಗಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು ಹಾಗೆ.

ಬಾಬಾಸಾಹೇಬರನ್ನೇ ನೋಡಿ. ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1916ರ ಮೇ 9ರಂದು, ಇಪ್ಪತ್ತೈದು ವರ್ಷದ ಹುಡುಗ, ಅಲ್ಲಿನ ಸೆಮಿನಾರಿನಲ್ಲಿ ಜಾತಿಯ ಮೇಲೆ ಪ್ರಬಂಧ ಓದಿದರು. ಜಾತಿ ನಿಂತಿರೋದು ಒಳಮದುವೆಯ ಮೇಲೆ, ಅದಕ್ಕಾಗಿ ಹೆಣ್ಣನ್ನ ಕಟ್ಟಿಹಾಕಿದರು ಅಂತ ತೋರಿಸಿಕೊಟ್ಟರು. ಈ ಮಾತು ಮೇಲಿನವರಿಗೆ ಮಾತ್ರ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಡಗೈ ಬಲಗೈಯವರು ಎಷ್ಟು ಜನ ಬೀಗರಾಗಿದ್ದೇವೆ? ಓದು ನಮ್ಮನ್ನೂ ಕೇಳಬೇಕು.

ಇಂಥ ಓದನ್ನ ಯಾರೂ ಸುಮ್ಮನೆ ಕೊಡೋದಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಕರಿಯರು ಮತ್ತು ಇತರ ತುಳಿತಕ್ಕೊಳಗಾದ ವಿದ್ಯಾರ್ಥಿಗಳು 1968ರ ನವೆಂಬರಿನಿಂದ 1969ರ ಮಾರ್ಚಿನವರೆಗೆ ಮುಷ್ಕರ ಹೂಡಿದರು. ನಮ್ಮ ಚರಿತ್ರೆ ನಮಗೆ ಪಾಠವಾಗಬೇಕು ಅನ್ನೋದು ಅವರ ಬೇಡಿಕೆ. ಪೊಲೀಸರ ಲಾಠಿ ತಿಂದರು. 1969ರಲ್ಲೇ ಅಲ್ಲಿ ಎಥ್ನಿಕ್ ಸ್ಟಡೀಸ್ ಅನ್ನುವ ವಿಭಾಗ ಬಂತು. ಇವತ್ತು ಅಲ್ಲಿ ಅದರಲ್ಲಿ ಎಂ.ಎ. ಮಾಡ್ತಾರೆ.

ನಮ್ಮಲ್ಲಿ ಏನಾಯಿತು? ದಲಿತ ಹುಡುಗರು ಹೊರದೇಶದಲ್ಲಿ ಓದಲಿಕ್ಕೆ ಕೇಂದ್ರ ಸರ್ಕಾರದ ಒಂದು ವಿದ್ಯಾರ್ಥಿವೇತನ ಇದೆ, ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ಅಂತ. ಇಡೀ ದೇಶಕ್ಕೆ 125 ಜಾಗ. 2022ರಲ್ಲಿ ಅದಕ್ಕೆ ಒಂದು ನಿಯಮ ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲಿನ ಓದಿಗೆ ಈ ಹಣ ಇಲ್ಲ. ಅದಕ್ಕೆ ಬೇಕಾದ ಪುಸ್ತಕ, ಮೇಷ್ಟ್ರು ಇಲ್ಲೇ ಇದ್ದಾರೆ ಅನ್ನೋದು ಅವರ ಸಮಾಧಾನ. ಅಂದರೆ ಇಂಜಿನಿಯರ್ ಆಗಲಿಕ್ಕೆ ಹೋಗಿ, ಜಾತಿ ಓದಲಿಕ್ಕೆ ಹೋಗಬೇಡಿ! ಬರೋಡ ಮಹಾರಾಜರು ಇದೇ ನಿಯಮ ಹಾಕಿದ್ದರೆ 1916ರ ಆ ಪ್ರಬಂಧ ಎಲ್ಲಿರುತ್ತಿತ್ತು?

ಹಾಗಂತ ಕೈಕಟ್ಟಿ ಕೂರೋದು ಬೇಡ. ದೇಶದೊಳಗೆ ಪಿಎಚ್.ಡಿ. ಮಾಡುವ ಪರಿಶಿಷ್ಟ ಜಾತಿಯವರಿಗೆ ರಾಷ್ಟ್ರೀಯ ಫೆಲೋಶಿಪ್ ಇದೆ. ನೆಟ್ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಡಿಗ್ರಿಯಲ್ಲೇ ತಯಾರಿ ಬೇಕು. ಇಂಗ್ಲಿಷಿಗೆ ಹೆದರಬೇಡಿ, ಕನ್ನಡ ಬಿಡಬೇಡಿ. ನಾಲ್ಕು ಜನ ಕೂಡಿ ಓದಿ.

ಮೊದಲ ಪಾಠಕ್ಕೆ ಯಾರ ಅಪ್ಪಣೆಯೂ ಬೇಡ. ರಜಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅವ್ವನ ಕೂಲಿ ಎಷ್ಟು, ಅಪ್ಪನಿಗೆ ಎಷ್ಟು, ತೋಟ ಯಾರದ್ದು, ಅಜ್ಜನ ಜಮೀನು ಯಾವಾಗ ಯಾರ ಕೈಗೆ ಹೋಯಿತು, ಕೇಳಿ ಬರೆಯಿರಿ. ಅವ್ವ ನಗಬಹುದು, ಇದನ್ನೆಲ್ಲ ಯಾಕೆ ಬರೀತೀಯೋ ಮಗಾ ಅನ್ನಬಹುದು. ಇಲ್ಲೀತನಕ ಯಾರೂ ಬರೆದಿಲ್ಲವ್ವಾ, ಅದಕ್ಕೇ ಅನ್ನಿ.

ಜೈ ಭೀಮ್!