ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಒಪ್ಪಿಗೆಯಾಗದು



‘ಗರ್ಭಚೀಲ ತೆಗೆಸಿದರು’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ‘ಹಲ್ಲು ಕೀಳಿಸಿದರು’ ಎಂಬಷ್ಟು ಹಗುರಾಗಿ ಹೋಗಿದೆ. ನವಲಗುಂದದ ಎರೆಹೊಲದಲ್ಲಿ ಕಡಲೆ ಕೀಳುವ ಹೆಣ್ಣುಮಗಳಿಗೂ ಕಲಘಟಗಿಯ ತಾಂಡಾದಿಂದ ಕೂಲಿಗೆ ಹೋಗುವ ತಾಯಿಗೂ ಸೊಂಟ ನೋಯುತ್ತದೆ, ಬಿಳಿಮುಟ್ಟು ಆಗುತ್ತದೆ, ತಿಂಗಳಿಗೆ ಹೋಗುವ ರಕ್ತ ಹೆಚ್ಚಾಗುತ್ತದೆ. ದವಾಖಾನೆಗೆ ಹೋದರೆ ಕೆಲವು ಕಡೆ ಒಂದು ಸ್ಕ್ಯಾನಿಂಗ್ ಮಾಡಿ, “ಹೀಗೇ ಬಿಟ್ಟರೆ ಕ್ಯಾನ್ಸರ್ ಆದೀತು; ಹೇಗೂ ಮಕ್ಕಳಾಗಿವೆ, ತೆಗೆಸಿಬಿಡಿರಿ” ಎಂದು ಹೇಳುತ್ತಾರೆ. ಆ ಹೆಸರು ಕೇಳಿದ ಮೇಲೆ ಎರಡನೆಯ ಮಾತು ಯಾರು ಕೇಳಿಯಾರು? ಬಂಗಾರ ಒತ್ತೆ ಬೀಳುತ್ತದೆ, ಒಂದು ಕಾಗದದ ಮೇಲೆ ಹೆಬ್ಬೆಟ್ಟು ಬೀಳುತ್ತದೆ, ಕೆಲಸ ಮುಗಿಯುತ್ತದೆ.

ವೈದ್ಯರೆಲ್ಲರನ್ನೂ ನಾವು ದೂರುತ್ತಿದ್ದೇವೆಂದು ಯಾರೂ ತಿಳಿಯಬಾರದು. ಕ್ಯಾನ್ಸರ್ ಇದ್ದಾಗ, ಗಡ್ಡೆ ಬೆಳೆದು ಕಾಡಿದಾಗ, ಗರ್ಭಚೀಲ ಕೆಳಗೆ ಜಾರಿದಾಗ, ಔಷಧಕ್ಕೆ ಬಗ್ಗದ ರಕ್ತಸ್ರಾವವಿದ್ದಾಗ ಈ ಶಸ್ತ್ರಕ್ರಿಯೆ ಬೇಕಾಗಬಹುದು. ಅದರಿಂದ ಜೀವ ಉಳಿದವರೂ ನಮ್ಮಲ್ಲಿದ್ದಾರೆ. ಆದರೆ ಬರಿಯ ಬಿಳಿಮುಟ್ಟಿಗೆ, ಬರಿಯ ಸೊಂಟನೋವಿಗೆ ಗರ್ಭಚೀಲ ತೆಗೆಯುವುದು ಚಿಕಿತ್ಸೆಯಲ್ಲ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತೈದರ ಹೆಂಗಸಿಗೆ ಒಮ್ಮೆಲೇ ಮುಟ್ಟು ನಿಂತ ವಯಸ್ಸು ಬರುತ್ತದೆ. ಮೈಯುರಿ, ಎಲುಬಿನ ಸವೆತ ಬೆನ್ನು ಹತ್ತುತ್ತವೆ. ಕೂಲಿಯಿಂದ ಬದುಕುವವಳಿಗೆ ಎಲುಬಿನ ಬಲ ಹೋಯಿತೆಂದರೆ ಅನ್ನವೇ ಹೋದಂತೆ.

ಇದು ದೂರದ ಸಂಗತಿಯಲ್ಲ. ರಾಣೆಬೆನ್ನೂರು 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಅಲ್ಲಿಯ ಸರಕಾರಿ ದವಾಖಾನೆಯಲ್ಲಿ ತಮ್ಮ ಗರ್ಭಚೀಲಗಳನ್ನು ಅಗತ್ಯವಿಲ್ಲದೆ ತೆಗೆಯಲಾಯಿತೆಂದು ದೂರಿದ ಹೆಂಗಸರು, ಪರಿಹಾರ ಕೇಳುತ್ತ 2022ರಲ್ಲಿ ಆಗಿನ ಮುಖ್ಯಮಂತ್ರಿಗಳ ಶಿಗ್ಗಾವಿಯ ಮನೆಯ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಚೀಲಗಳನ್ನು ಖಾಸಗಿ ದವಾಖಾನೆಗಳು ಬೇಕಾಬಿಟ್ಟಿ ತೆಗೆದ ದೂರು 2015ರಲ್ಲಿ ಎದ್ದು, ಆರೋಗ್ಯ ಇಲಾಖೆ ವಿಚಾರಣೆ ನಡೆಸಿತು; 2017ರಲ್ಲಿ ಹೆಂಗಸರು ಮತ್ತೆ ಬೀದಿಗಿಳಿಯಬೇಕಾಯಿತು. ಅವರ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಕಾಯಿದೆಯ ಗಡಿಯಾರ ಯಾರಿಗೂ ಕಾಯುವುದಿಲ್ಲ. ಆದುದರಿಂದ ಇಂಥ ಅನ್ಯಾಯವಾಗಿದೆಯೆಂದು ಅನುಮಾನ ಬಂದ ದಿನವೇ ಮಾಡತಕ್ಕ ಕೆಲಸವೇನೆಂಬುದನ್ನು ಇಂದು ಹೇಳಬಯಸುತ್ತೇವೆ.

ಕೋರ್ಟಿನ ಮುಂದೆ ಎರಡು ಪ್ರಶ್ನೆಗಳು ಬರುತ್ತವೆ. ಈ ಶಸ್ತ್ರಕ್ರಿಯೆ ಬೇಕಾಗಿತ್ತೇ ಎಂಬುದು ಒಂದು. ತಿಳಿಸಿ ಹೇಳಿ ಒಪ್ಪಿಗೆ ಪಡೆದಿದ್ದರೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಾಮಾನ್ಯವಾಗಿ ಬೇರೊಬ್ಬ ವೈದ್ಯನ ಮಾತು ಬೇಕಾಗುತ್ತದೆ. ಒಬ್ಬ ಡಾಕ್ಟರನ ಮೇಲೆ ಇನ್ನೊಬ್ಬ ಡಾಕ್ಟರ ಸಾಕ್ಷಿ ಹೇಳುವುದು ಎಷ್ಟು ಅಪರೂಪವೆಂಬುದನ್ನು ನೀವೆಲ್ಲ ಬಲ್ಲಿರಿ. ಎಲ್ಲ ದಾವೆಗಳಲ್ಲಿಯೂ ತಜ್ಞರ ಸಾಕ್ಷಿ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆಯಾದರೂ ದಾರಿ ಸುಲಭವಲ್ಲ. ಎರಡನೆಯ ಪ್ರಶ್ನೆ ಹಾಗಲ್ಲ. ಅದಕ್ಕೆ ಸಾಕ್ಷಿ ಆ ಹೆಂಗಸೇ, ಅವಳ ಮನೆಯವರೇ, ಮತ್ತು ದವಾಖಾನೆಯ ಕಾಗದವೇ. ಬಡವರ ಕೈಗೆ ನಿಲುಕುವ ಬಲ ಇದು.

ದಿಲ್ಲಿಯಲ್ಲಿ 1995ರಲ್ಲಿ ನಡೆದುದನ್ನು ಕೇಳಿರಿ. ನಲವತ್ತನಾಲ್ಕು ವರ್ಷದ ಹೆಂಗಸೊಬ್ಬಳು ರಕ್ತಸ್ರಾವದ ಕಾರಣ ತಿಳಿಯಲು ಹೊಟ್ಟೆಯೊಳಗೆ ದುರ್ಬೀನು ಹಾಕಿ ಪರೀಕ್ಷೆ ಮಾಡಿಸಿಕೊಳ್ಳಲು ಮಲಗಿದಳು. ಎಚ್ಚರ ತಪ್ಪಿಸಿದ ಮೇಲೆ ಹೊರಗಿದ್ದ ಮುದಿ ತಾಯಿಯ ಒಪ್ಪಿಗೆ ಪಡೆದು ಗರ್ಭಚೀಲ, ಅಂಡಾಶಯ ಎಲ್ಲವನ್ನೂ ತೆಗೆದರು. ಸಮೀರಾ ಕೋಹ್ಲಿ ಮೊಕದ್ದಮೆಯೆಂದು ಹೆಸರಾದ ಇದರ ತೀರ್ಪನ್ನು ಸುಪ್ರೀಂ ಕೋರ್ಟು 2008ರ ಜನವರಿ 16ರಂದು ಕೊಟ್ಟಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು. ಒಂದು ಶಸ್ತ್ರಕ್ರಿಯೆಗೆ ಕೊಟ್ಟದ್ದು ಮತ್ತೊಂದಕ್ಕೆ ಸಲ್ಲದು. ತಡಮಾಡಿದರೆ ಜೀವಕ್ಕೋ ಆರೋಗ್ಯಕ್ಕೋ ಅಪಾಯವೆಂಬ ಸಂದರ್ಭ ಮಾತ್ರ ಬೇರೆ. ಬುದ್ಧಿ ನೆಟ್ಟಗಿರುವ ವಯಸ್ಕಳ ಪರವಾಗಿ ತಾಯಿಯೂ ಒಪ್ಪುವಂತಿಲ್ಲ. ಶಸ್ತ್ರಕ್ರಿಯೆ ಯಾವುದು, ಏತಕ್ಕೆ, ಅದರಿಂದಾಗುವ ಒಳಿತು ಕೆಡುಕುಗಳೇನು, ಬೇರೆ ಉಪಾಯವಿದೆಯೇ, ಮಾಡಿಸಿಕೊಳ್ಳದಿದ್ದರೆ ಏನಾದೀತು, ಇಷ್ಟನ್ನೂ ವೈದ್ಯ ಹೇಳಲೇಬೇಕು. ಸಿಕ್ಕ ಪರಿಹಾರ 25,000 ರೂಪಾಯಿ, ಜೊತೆಗೆ ವೈದ್ಯರ ಫೀಜು ರದ್ದು. ದುಡ್ಡು ಸಣ್ಣದು, ಗೆದ್ದ ಮಾತು ದೊಡ್ಡದು. ಗಂಡ ರುಜು ಮಾಡಿದ, ಅತ್ತೆ ಹೂಂ ಎಂದಳು ಎಂಬುದು ಹೆಂಗಸಿನ ಒಪ್ಪಿಗೆಯಾಗದು. ಓದಲು ಬಾರದವಳ ಹೆಬ್ಬೆಟ್ಟನ್ನು ಓದಿ ಹೇಳದೆ ಒತ್ತಿಸಿಕೊಂಡರೆ ಅದೂ ಒಪ್ಪಿಗೆಯಾಗದು.

ಹಾಗಾದರೆ ಮೊದಲ ಕೆಲಸ ಯಾವುದು? ಕಾಗದ ಪಡೆಯುವುದು. ವೈದ್ಯರ ನಡಾವಳಿಯ 2002ರ ನಿಯಮಗಳ ಪ್ರಕಾರ ರೋಗಿ ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡತಕ್ಕದ್ದು. ಒಪ್ಪಿಗೆ ಪತ್ರ, ಸ್ಕ್ಯಾನಿಂಗ್ ಚೀಟಿ, ಆಪರೇಶನ್ನಿನ ಟಿಪ್ಪಣಿ, ತೆಗೆದ ಭಾಗವನ್ನು ಪ್ರಯೋಗಶಾಲೆಗೆ ಕಳಿಸಿದ ವರದಿ, ಬಿಲ್ಲು, ಡಿಸ್ಚಾರ್ಜ್ ಕಾರ್ಡು ಇವೆಲ್ಲವನ್ನೂ ಬರೆದು ಕೇಳಿರಿ. ಅರ್ಜಿಯ ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿರಿ, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿರಿ. ಸರಕಾರಿ ದವಾಖಾನೆಯಾದರೆ 2005ರ ಮಾಹಿತಿ ಹಕ್ಕು ಕಾಯಿದೆಯೂ ಇದೆ. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕೆಂದಷ್ಟೇ ಆ ನಿಯಮ ಹೇಳುತ್ತದೆ. ನಾಲ್ಕನೆಯ ವರ್ಷ ಹೋಗಿ ಕೇಳಿದರೆ ಕಾಗದವೇ ಇರಲಿಕ್ಕಿಲ್ಲ. ಆ ಕಾಗದಗಳನ್ನು ಹಿಡಿದುಕೊಂಡು ಮೊದಲು ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ದವಾಖಾನೆಯಂಥ ದೊಡ್ಡ ಸರಕಾರಿ ದವಾಖಾನೆಯಲ್ಲಿ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.

ಆಮೇಲೆ ಬಾಗಿಲುಗಳು. ಖಾಸಗಿ ದವಾಖಾನೆಯ ಮೇಲೆ ಪರಿಹಾರ ಬೇಕಾದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗ. ವೈದ್ಯಸೇವೆ ಗ್ರಾಹಕ ಕಾಯಿದೆಗೆ ಒಳಪಟ್ಟದ್ದೆಂದು 1995ರ ನವೆಂಬರ್ 13ರಂದೇ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ದುಡ್ಡು ಕೊಡುವವರೂ ಪುಕ್ಕಟೆಯವರೂ ಇರುವ ದವಾಖಾನೆಯಲ್ಲಿ ಪುಕ್ಕಟೆಯವರಿಗೂ ಆ ಹಕ್ಕುಂಟು. ವಿಮೆಯವರು ಬಿಲ್ಲು ಕಟ್ಟಿದರೂ ಹಕ್ಕು ಹೋಗದು. ‘ಕಾರ್ಡಿನ ಮೇಲೆ ಆಗಿದೆ, ನಿನಗೇನು ಹೋಯಿತು?’ ಎಂಬ ಮಾತಿಗೆ ಹೆದರಬೇಡಿರಿ. ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. 2019ರ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ದವಾಖಾನೆ ಬೆಳಗಾವಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ. ಆದರೆ ಅವಧಿ ಎರಡೇ ವರ್ಷ. ತಡವಾದುದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಮನ್ನಿಸದೆಯೂ ಇರಬಹುದು.

ದವಾಖಾನೆಯ ಮೇಲೆ ಕ್ರಮವಾಗಬೇಕಾದರೆ ಜಿಲ್ಲಾಧಿಕಾರಿಗಳು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ನೋಂದಣಿ ಮತ್ತು ಕುಂದುಕೊರತೆಯ ಜಿಲ್ಲಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಕಾರ್ಯದರ್ಶಿಗಳು. ವೈದ್ಯನ ಸನದಿನ ಪ್ರಶ್ನೆಯಾದರೆ ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್ಲು. ಅದು ಎಚ್ಚರಿಕೆ ಕೊಡಬಹುದು, ಪಟ್ಟಿಯಿಂದ ಹೆಸರು ತೆಗೆಯಬಹುದು, ಪರಿಹಾರ ಕೊಡಿಸಲಾರದು. ಎಲ್ಲರಿಗೂ ಪುಕ್ಕಟೆಯಾದ ಸರಕಾರಿ ದವಾಖಾನೆ ಗ್ರಾಹಕ ಕಾಯಿದೆಯ ಹೊರಗಿದೆ. ಅಲ್ಲಿ ಸಿವಿಲ್ ದಾವೆಯೋ ಧಾರವಾಡದ ಹೈಕೋರ್ಟು ಪೀಠದಲ್ಲಿ ರಿಟ್ ಅರ್ಜಿಯೋ ದಾರಿ; ಸರಕಾರಿ ವೈದ್ಯನ ನಿರ್ಲಕ್ಷ್ಯಕ್ಕೆ ಸರಕಾರ ಹೊಣೆಯೆಂದು 2000ದಲ್ಲಿ ಹರಿಯಾಣದ ಒಬ್ಬ ಕೂಲಿ ಹೆಂಗಸಿನ ದಾವೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪೋಲೀಸು ಫಿರ್ಯಾದಿ ಕೊನೆಯ ಮಾತು: ನಿರ್ಲಕ್ಷ್ಯ ಘೋರವಾದುದಲ್ಲದೆ ವೈದ್ಯನ ಮೇಲೆ ಅಪರಾಧ ನಿಲ್ಲದೆಂಬುದು 2005ರ ತೀರ್ಪು.

‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ವಕೀಲರ ಫೀಜಿಗೆ ಹೆದರಿ ಹೆಂಗಸರು ಮನೆಯಲ್ಲಿ ಕೂಡ್ರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಪ್ರತಿಯೊಬ್ಬ ಹೆಂಗಸಿಗೂ, ಅವಳ ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರು ಸಿಗಬೇಕು. ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿರಿ. 15100ಕ್ಕೆ ಫೋನು ಮಾಡಿರಿ.

ಕಡೆಯದಾಗಿ, ಆದ ಗಾಯಕ್ಕೆ ಪರಿಹಾರ ಕೇಳುವುದು ಅರ್ಧ ಕೆಲಸ; ಗಾಯವಾಗದಂತೆ ತಡೆಯುವುದು ಉಳಿದರ್ಧ. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಹೆಂಗಸರ ವಿಷಯದಲ್ಲಿ ವೈದ್ಯರೊಬ್ಬರೇ 2013ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ಆಜ್ಞೆ ಮಾಡಿತು. ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು, ತಪ್ಪಿದ ದವಾಖಾನೆಗಳನ್ನು ಕಪ್ಪುಪಟ್ಟಿಗೆ ಸೇರಿಸಬೇಕು ಎಂಬುದು ಅದರ ಸಾರ. ಆ ಮಾರ್ಗಸೂಚಿಯ ಪ್ರಕಾರ ಜಿಲ್ಲೆಗೊಂದು ನಿಗಾ ಸಮಿತಿ ಇರತಕ್ಕದ್ದು. ನಮ್ಮ ಜಿಲ್ಲೆಯ ಸಮಿತಿ ಎಷ್ಟು ಸಲ ಸೇರಿತು, ಎಷ್ಟು ಶಸ್ತ್ರಕ್ರಿಯೆಗಳ ಲೆಕ್ಕ ನೋಡಿತು, ನಲವತ್ತರೊಳಗಿನ ಹೆಂಗಸರು ಅದರಲ್ಲಿ ಎಷ್ಟು ಮಂದಿ? ಇದನ್ನು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಯಾರೂ ಕೇಳಬಹುದು. ನಾವು ಕೇಳೋಣ.

ಮತ್ತು ಊರೂರಲ್ಲಿ ಸ್ತ್ರೀಶಕ್ತಿ ಸಂಘದ ತಾಯಂದಿರು ಒಂದು ನೋಟುಬುಕ್ಕು ಇಡಲಿ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ದವಾಖಾನೆಯಲ್ಲಿ, ಏನು ಕಾರಣ ಹೇಳಿ ತೆಗೆದರು ಎಂಬುದನ್ನು, ಅವರು ಒಪ್ಪಿದರೆ, ಬರೆದಿಡಲಿ. ಒಬ್ಬಳ ದೂರನ್ನು ‘ಅವಳ ಹಣೆಬರಹ’ವೆಂದು ತಳ್ಳಬಹುದು; ಒಂದೇ ದವಾಖಾನೆಯ ಹೆಸರು ಇಪ್ಪತ್ತು ಸಾಲುಗಳಲ್ಲಿ ಬಂದರೆ ಅದನ್ನು ಹಣೆಬರಹವೆನ್ನಲು ಯಾವ ಅಧಿಕಾರಿಗೂ ಬಾಯಿ ಬರದು. ಇನ್ನು ಮುಂದೆ ಯಾರಾದರೂ ಕಾಗದ ಮುಂದಿಟ್ಟು “ಇಲ್ಲಿ ಒತ್ತಿರಿ” ಎಂದರೆ, ಒತ್ತುವ ಮೊದಲು “ಓದಿ ಹೇಳಿರಿ” ಎಂದು ಕೇಳಿರಿ. ಹಾಗೆ ಕೇಳುವುದು ನಿಮ್ಮ ಹಕ್ಕು.