ಬೆಳಕು ಎಲ್ಲಿ ಸೋರುತ್ತದೆ?



ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ, ಈಗ ಮನೆಮನೆಗೂ ಬರುತ್ತಿರುವ ಫೈಬರ್ ಕೇಬಲ್ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದರಲ್ಲಿ ಸುದ್ದಿ ಹೊತ್ತು ಹರಿಯುವುದು ಕರೆಂಟ್ ಅಲ್ಲ, ಬೆಳಕು. ಕೂದಲೆಳೆಯಂಥ ಗಾಜೇ ಅದರ ದಾರಿ. ಕಾಲುವೆಯ ನೀರು ಹರಿಯುತ್ತ ಇಂಗುವ ಹಾಗೆ ಬೆಳಕೂ ದಾರಿಯುದ್ದಕ್ಕೂ ಕಡಿಮೆಯಾಗುತ್ತದೆ. ಈ ನಷ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 3 ಡೆಸಿಬೆಲ್ ಹೋದರೆ ಉಳಿಯುವುದು ಅರ್ಧ ಬೆಳಕು. 10 ಹೋದರೆ ಹತ್ತರಲ್ಲಿ ಒಂದು ಪಾಲು. 20 ಹೋದರೆ ನೂರರಲ್ಲಿ ಒಂದು ಪಾಲು.

ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟವಾಗುವ ಗಾಜು ಸಿಕ್ಕರೆ ದೂರಸಂಪರ್ಕಕ್ಕೆ ಬೆಳಕನ್ನೇ ಬಳಸಬಹುದು ಎಂದು 1966ರಲ್ಲಿ ತೋರಿಸಿದವರು ಚಾರ್ಲ್ಸ್ ಕಾವ್. 2009ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿನ ಒಳ್ಳೆಯ ಫೈಬರ್‌ನಲ್ಲಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಮಾತ್ರ ನಷ್ಟ. ಅಂದರೆ ಬೆಳಕು ಅರ್ಧವಾಗಲು 15 ಕಿಲೋಮೀಟರ್ ಹೋಗಬೇಕು.

ಹಾಗಾದರೆ ಇಂಟರ್‌ನೆಟ್ ಏಕೆ ಕೈಕೊಡುತ್ತದೆ? ನಾನಿರುವ ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ಪಕ್ಕದ ಮನೆಯ ಹುಡುಗಿಗೆ ಆನ್‌ಲೈನ್ ಪರೀಕ್ಷೆ ಹತ್ತಿರ ಬಂದಿತ್ತು. ಸಂಪರ್ಕ ಮಾತ್ರ ದಿನಕ್ಕೆ ಹತ್ತು ಸಲ ಕಡಿದುಹೋಗುತ್ತಿತ್ತು. ಎರಡು ಸಲ ಪೆಟ್ಟಿಗೆ ಬದಲಾಯಿಸಿದರು, ಫಲವಿಲ್ಲ. ಕೊನೆಗೆ ಬಂದ ಒಬ್ಬ ಹುಡುಗ ಪವರ್ ಮೀಟರ್ ತಂದಿದ್ದ. ಕಂಬದ ಪೆಟ್ಟಿಗೆಯಲ್ಲಿ ಮೈನಸ್ 21 ಡಿಬಿಎಂ, ಮನೆಯೊಳಗೆ ಮೈನಸ್ 29. ಐವತ್ತು ಮೀಟರ್ ವೈರಿನಲ್ಲಿ 8 ಡೆಸಿಬೆಲ್ ಮಾಯ! ಆರರಲ್ಲಿ ಐದು ಪಾಲು ಬೆಳಕು ಸೋರಿಹೋಗುತ್ತಿತ್ತು. ಅಷ್ಟು ಗಿಡ್ಡ ಗಾಜಿನಲ್ಲಿ 0.02 ಡೆಸಿಬೆಲ್ ಕೂಡ ಹೋಗಬಾರದು. ವೈರನ್ನೇ ಹಿಡಿದು ಹೋಗಿ ನೋಡಿದರೆ, ಕಿಟಕಿಯ ಸರಳಿಗೆ ಅದನ್ನು ಮಡಚಿ ಬಿಗಿದು ಕಟ್ಟಿದ್ದರು. ಕಟ್ಟು ಬಿಚ್ಚಿ ಅಗಲವಾಗಿ ಬಳಸಿದ ಮೇಲೆ ಕೆಂಪು ದೀಪ ಆರಿತು. ಹುಡುಗಿ ಪರೀಕ್ಷೆ ಬರೆದಳು.

ಮೀಟರ್ ಹೇಳುವುದು ಎಷ್ಟು ಹೋಯಿತು ಎಂದು. ಉದ್ದನೆಯ ಕೇಬಲ್‌ನಲ್ಲಿ ಎಲ್ಲಿ ಹೋಯಿತು ಎಂದು ಹೇಳಲು ಒಟಿಡಿಆರ್ ಎಂಬ ಉಪಕರಣವಿದೆ. ಅದು ಒಂದು ಕ್ಷಣದ ಬೆಳಕನ್ನು ಒಳಗೆ ಕಳಿಸುತ್ತದೆ. ಗಾಜಿನಲ್ಲಿ ಚದುರಿದ ಬೆಳಕಿನ ಸ್ವಲ್ಪ ಭಾಗ ಹಿಂದಕ್ಕೆ ಬರುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಹೋಗಿ ಬರಲು ಸೆಕೆಂಡಿನ ಲಕ್ಷದಲ್ಲೊಂದು ಪಾಲು ಹಿಡಿದರೆ ಜಾಗ ಒಂದು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಪರದೆಯ ಗೆರೆ ಎಲ್ಲಿ ದಿಢೀರನೆ ಇಳಿಯುತ್ತದೋ ಅಲ್ಲಿ ಕೆಟ್ಟ ಜೋಡಣೆಯೋ, ಮಡಿಕೆಯೋ, ತುಂಡೋ ಇರುತ್ತದೆ. ಗಮನಿಸಿ: ಬೆಳಕು ಚದುರುವುದೇ ಗಾಜಿನಲ್ಲಾಗುವ ನಷ್ಟಕ್ಕೆ ಮುಖ್ಯ ಕಾರಣ. ದೋಷದ ಜಾಗ ತೋರಿಸುವುದೂ ಅದೇ.

ಬೆಳಕಿನ ಚದುರುವಿಕೆ ಎಂದೊಡನೆ ನೆನಪಾಗುವವರು ಸರ್ ಸಿ.ವಿ. ರಾಮನ್. ವೈಯಾಲಿಕಾವಲ್‌ನ ಪಕ್ಕದ ಸದಾಶಿವನಗರದಲ್ಲೇ ಅವರು 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಇದೆ. ತಮ್ಮ ಶೋಧವನ್ನು ಅವರು 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದ್ದರು. ಇಂದು ನೂರಾರು ಕಿಲೋಮೀಟರ್ ಸಾಗುವ ಕೇಬಲ್‌ಗಳಲ್ಲಿ ಸೊರಗಿದ ಸಂಕೇತಕ್ಕೆ ಬಲ ತುಂಬಲು ರಾಮನ್ ಪರಿಣಾಮವನ್ನು ಬಳಸುತ್ತಾರೆ.

ಗ್ರಾಮ ಪಂಚಾಯಿತಿಗಳಿಗೂ ಭಾರತ್‌ನೆಟ್ ಫೈಬರ್ ಎಳೆಯುತ್ತಿರುವ ಕಾಲ ಇದು. ಆದ್ದರಿಂದ ಊರಿನವರಲ್ಲಿ ನಾಲ್ಕು ವಿನಂತಿ. ಫೈಬರ್ ವೈರನ್ನು ಮಡಚಬೇಡಿ, ಬಟ್ಟೆ ಒಣಹಾಕಲು ಬಳಸಬೇಡಿ. ನೆಲ ಅಗೆಯುವ ಮುನ್ನ ಕೇಬಲ್ ಗುರುತಿನ ಕಲ್ಲು ಇದೆಯೇ ನೋಡಿ. ತುಂಡಾದ ಫೈಬರ್‌ನ ತುದಿಗೆ ಕಣ್ಣಿಟ್ಟು ನೋಡಬೇಡಿ. ಅದರ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ. ರಿಪೇರಿಗೆ ಬಂದವರನ್ನು "ಡಿಬಿಎಂ ಎಷ್ಟು ಬರುತ್ತಿದೆ?" ಎಂದು ಕೇಳಿ, ಬರೆದಿಟ್ಟುಕೊಳ್ಳಿ. ಮುಂದಿನ ಸಲ ಕೆಟ್ಟಾಗ ಹೋಲಿಸಲು ಅದೇ ಆಧಾರ.

ಮಕ್ಕಳೇ, ಆ ಮೀಟರ್ ಹಿಡಿದ ಹುಡುಗನ ಬಲ ಇದ್ದದ್ದು ಊಹಿಸುವುದರಲ್ಲಲ್ಲ, ಅಳೆಯುವುದರಲ್ಲಿ. ಅದಕ್ಕೆ ಬೇಕಾದ ಬೆಳಕಿನ ಪಾಠ ನಿಮ್ಮ ಹತ್ತನೇ ತರಗತಿಯ ಪುಸ್ತಕದಲ್ಲಿಯೇ ಇದೆ. ಅದನ್ನು ಚೆನ್ನಾಗಿ ಓದಿ.